ಸೇ ಅಂದರೂ ಹೇಳು, ಟೆಲ್ ಅಂದರೂ ಹೇಳು

ನಮ್ಮ ಕದ್ರಾದಲ್ಲಿ ಇಂಗ್ಲಿಷ್ ಬಾರದವರಿಗೂ ಕೆಲವು ಇಂಗ್ಲಿಷ್ ಪದಗಳು ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ‘ಡಿಸ್ಚಾರ್ಜ್ ಎಷ್ಟಂತೆ?’ ಅಂದರೆ ಯಾರಿಗೂ ಆಸ್ಪತ್ರೆ ನೆನಪಾಗೋದಿಲ್ಲ. ಅಣೆಕಟ್ಟೆಯಿಂದ ಕಾಳಿ ನದಿಗೆ ಎಷ್ಟು ಕ್ಯೂಸೆಕ್ಸ್ ಬಿಡ್ತಿದ್ದಾರೆ ಅಂತಲೇ ಅರ್ಥ. 2019, 2021ರ ನೆರೆ ಕಂಡವರಿಗೆ ಇದಕ್ಕೆ ನಿಘಂಟು ಬೇಕಿಲ್ಲ. ಪಕ್ಕದ ಕೈಗಾದಲ್ಲಿ ರಿಯಾಕ್ಟರ್ ‘ಕ್ರಿಟಿಕಲ್’ ಆಯಿತು ಅಂದರೆ ಕೆಟ್ಟ ಸುದ್ದಿಯಲ್ಲ, ಸರಪಳಿ ಕ್ರಿಯೆ ತನ್ನಷ್ಟಕ್ಕೆ ನಡೆಯತೊಡಗಿತು ಅಂತ. ಅದೇ ಪದ ಐಸಿಯು ಬಾಗಿಲಲ್ಲಿ ಕೇಳಿದರೆ ಎದೆ ಝಲ್ ಅನ್ನುತ್ತದೆ.

ಅಂದರೆ ಅರ್ಧ ಅರ್ಥ ಪದದಲ್ಲಿ, ಉಳಿದರ್ಧ ಅದರ ಅಕ್ಕಪಕ್ಕದಲ್ಲಿ. ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಸಿಗುವ ಪುಟ್ಟ ಇಂಗ್ಲಿಷ್–ಕನ್ನಡ ನಿಘಂಟುಗಳ ಮೇಲೆ ನನ್ನ ತಕರಾರು ಇದೇ. ಅವು ಅಕ್ಕಪಕ್ಕ ತೋರಿಸೋದಿಲ್ಲ. ‘ಸೇ’ ಅಂದರೂ ಹೇಳು, ‘ಟೆಲ್’ ಅಂದರೂ ಹೇಳು. ಇದನ್ನು ನಂಬಿದ ಹುಡುಗಿ ‘ಹೀ ಸೆಡ್ ಮಿ’ ಅನ್ನದೆ ಇನ್ನೇನು ಅನ್ನಬೇಕು? ನಾನೀಗ ಇಂಟರ್‌ವ್ಯೂ ತಗೊಳ್ಳೋ ಕಡೆ ಕೂತವನು. ಕೋಡ್ ಚೊಕ್ಕವಾಗಿ ಬರೆದವಳ ಹೆಸರಿನ ಮುಂದೆ ‘ಕಮ್ಯುನಿಕೇಶನ್ ವೀಕ್’ ಅಂತ ಬೀಳೋದನ್ನ ಕಂಡಿದ್ದೇನೆ. ಕನ್ನಡ ಶಾಲೆಯಿಂದ ಬಂದವರಿಗೇ ಇದು ಹೆಚ್ಚು.

ಈ ಕಷ್ಟ ನಮ್ಮದೊಂದೇ ಅಲ್ಲ. ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರ್ತದೆ, ‘ಎ’, ‘ದಿ’ಗಳಿಲ್ಲ. ನಾವು ‘ಬಗ್ಗೆ ಚರ್ಚಿಸು’ ಅನ್ನುವುದರಿಂದ ‘ಡಿಸ್ಕಸ್ ಅಬೌಟ್’ ಅಂತೇವೆ. ಅವರೂ ಅದೇ ಕಾರಣಕ್ಕೆ ಹಾಗೇ ಅಂತಾರೆ. ಜಪಾನಿನಲ್ಲಿ ಪಾಠ ಮಾಡುತ್ತಿದ್ದ ಎ. ಎಸ್. ಹಾರ್ನ್‌ಬಿ ಇಂಥ ಕಲಿಯುವವರನ್ನೇ ಎದುರಿಗಿಟ್ಟುಕೊಂಡು, ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ನಿಘಂಟು ಮಾಡಿದ. ಯಾವ ಕ್ರಿಯಾಪದಕ್ಕೆ ಯಾವ ವಾಕ್ಯರಚನೆ, ಯಾವ ನಾಮಪದವನ್ನು ಎಣಿಸಬಹುದು, ಎಲ್ಲ ಅದರಲ್ಲಿತ್ತು. 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ಅದನ್ನೇ 1948ರಲ್ಲಿ ಆಕ್ಸ್‌ಫರ್ಡ್‌ನವರು ಹೊರತಂದರು. ನಮ್ಮ ಮಕ್ಕಳ ಕೈಯಲ್ಲಿರುವ ದಪ್ಪ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟು ಅದರ ಮೊಮ್ಮಗು, ಮಾರಾಯ್ರೆ! ಆದರೆ ಅದು ಇಂಗ್ಲಿಷ್‌ಗೆ ಇಂಗ್ಲಿಷಲ್ಲೇ ಅರ್ಥ ಹೇಳ್ತದೆ. ಎಡವುವುದು ಕನ್ನಡದ ಕಲ್ಲಿಗೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ನಮ್ಮಲ್ಲಿ ವಿದ್ವತ್ತು ಇರಲಿಲ್ಲ ಅನ್ನುವಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಷ್ಟು ಹಿಂದಿನದು. ಅರ್ಥಛಾಯೆಗಳನ್ನು ಬಿಡಿಸುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ ಅದು ಇಂಗ್ಲಿಷ್ ಓದುವವನಿಗೆ, ಅನುವಾದ ಮಾಡುವವನಿಗೆ. ಇಂಗ್ಲಿಷಲ್ಲಿ ಬಾಯಿ ಬಿಡಬೇಕಾದವಳಿಗಲ್ಲ. ಜಿ. ವೆಂಕಟಸುಬ್ಬಯ್ಯ ಪ್ರಜಾವಾಣಿಯ ‘ಇಗೋ ಕನ್ನಡ’ದಲ್ಲಿ ಓದುಗರ ಪ್ರಶ್ನೆ ಹಿಡಿದು ಒಂದೊಂದೇ ಪದ ಬಿಡಿಸುತ್ತಿದ್ದರಲ್ಲ, ಅಂಥದ್ದೊಂದು ಇಂಗ್ಲಿಷ್ ಬಳಕೆಗೆ ಬೇಕು. ನನ್ನ ಕಡೆಯಿಂದ ಮೊದಲ ಪದ ‘ಡೌಟ್’. ನಮಗದು ಕೇಳಬೇಕಾದ ಪ್ರಶ್ನೆ. ಆದರೆ ಕಾಲ್‌ನಲ್ಲಿ ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಡಿಸೈನ್’ ಅಂದರೆ, ಹೊರದೇಶದವರು ತಮ್ಮ ಡಿಸೈನಿನ ಮೇಲೆ ನಮಗೆ ನಂಬಿಕೆ ಇಲ್ಲ ಅಂತ ತಿಳೀತಾರೆ. ಅಲ್ಲಿ ‘ಕ್ವೆಶ್ಚನ್’ ಅಂದರೆ ಸಾಕು.