ದಿನಕ್ಕೊಂದೇ ಕ್ಲಿಕ್: ಬ್ರಾಂಡೆನ್‌ಬರ್ಗ್ ಕಂಡ ಉತ್ತರದ ಕಾಡು

1994ರ ಸೆಪ್ಟೆಂಬರ್ 23ರಂದು ಅಮೆರಿಕದ ಛಾಯಾಗ್ರಾಹಕ ಜಿಮ್ ಬ್ರಾಂಡೆನ್‌ಬರ್ಗ್ ತಮಗೆ ತಾವೇ ಒಂದು ಷರತ್ತು ಹಾಕಿಕೊಂಡರು. ಹಗಲು ರಾತ್ರಿ ಸಮನಾಗುವ ಆ ದಿನದಿಂದ ಸೂರ್ಯ ಉತ್ತರಾಯಣಕ್ಕೆ ಹೊರಳುವ ಡಿಸೆಂಬರ್ 21ರವರೆಗೆ ದಿನಕ್ಕೆ ಒಂದೇ ಒಂದು ಫೋಟೊ. ಷಟರ್ ಒಮ್ಮೆ ಒತ್ತಿದರೆ ಅವತ್ತಿನ ಕೆಲಸ ಮುಗಿಯಿತು. ಸರಿ ಬಂತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಂದು ತೆಗೆದಿಟ್ಟುಕೊಳ್ಳುವಂತಿಲ್ಲ. ಅದಾದ ಮೇಲೆ ತೋಳವೇ ಎದುರು ಬಂದು ನಿಂತರೂ ಸುಮ್ಮನೆ ನೋಡಬೇಕಷ್ಟೆ. ಹೀಗೆ 90 ದಿನ, 90 ಚಿತ್ರ. ಜಾಗ ಅಮೆರಿಕದ ಉತ್ತರ ತುದಿಯ ಮಿನೆಸೋಟ ರಾಜ್ಯದಲ್ಲಿ, ಈಲಿ ಎಂಬ ಸಣ್ಣ ಊರಿನ ಹತ್ತಿರ ಅವರ ಮನೆಯ ಸುತ್ತಲಿನ ಕಾಡು. ಯಾವ ಪತ್ರಿಕೆಯೂ ಈ ಕೆಲಸ ಕೇಳಿರಲಿಲ್ಲ, ಯಾರೂ ದುಡ್ಡು ಕೊಟ್ಟಿರಲಿಲ್ಲ.

ಆ ಚಿತ್ರಗಳು ಒಂದಷ್ಟು ಕಾಲ ಹಾಗೇ ಬಿದ್ದಿದ್ದವು. 1997ರ ನವೆಂಬರಿನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅವನ್ನು ಅಚ್ಚುಹಾಕಿತು. 1998ರಲ್ಲಿ 'ಚೇಸ್ಡ್ ಬೈ ದಿ ಲೈಟ್' ಎಂಬ ಪುಸ್ತಕ ಬಂತು. ಅಂದಿನಿಂದ ಈ ಪುಸ್ತಕಕ್ಕೆ ಒಂದು ವಿಚಿತ್ರ ಗತಿ. ಫೋಟೊಗ್ರಫಿ ಕಲಿಸುವವರೆಲ್ಲ ಇದರ ಹೆಸರು ಹೇಳುತ್ತಾರೆ, ಆದರೆ ಚಿತ್ರಗಳ ಬಗ್ಗೆ ಅಲ್ಲ, ಷರತ್ತಿನ ಬಗ್ಗೆ. ತಪಸ್ಸು, ಸಂಯಮ, ಏಕಾಗ್ರತೆ ಎಂಬ ಮಾತುಗಳು ಬರುತ್ತವೆ, ಚಿತ್ರಗಳು ಹಿಂದೆ ಉಳಿಯುತ್ತವೆ. ಬ್ರಾಂಡೆನ್‌ಬರ್ಗ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಇನ್ನಾದರೂ ದಂತಕಥೆಯನ್ನು ಪಕ್ಕಕ್ಕಿಟ್ಟು, ಆ ಷರತ್ತಿನಿಂದ ಸಿಕ್ಕಿದ್ದೇನು, ಕೈತಪ್ಪಿದ್ದೇನು ಎಂದು ನೋಡುವುದು ಒಳ್ಳೆಯದು.

ಷರತ್ತಿನ ಹಿಂದೆ ಅವರ ವೃತ್ತಿಯ ಇತಿಹಾಸವಿದೆ. 1945ರಲ್ಲಿ ಮಿನೆಸೋಟದ ನೈಋತ್ಯ ಮೂಲೆಯ ಹುಲ್ಲುಗಾವಲು ಸೀಮೆಯಲ್ಲಿ, ಲುವರ್ನ್ ಎಂಬಲ್ಲಿ ಹುಟ್ಟಿದ ಬ್ರಾಂಡೆನ್‌ಬರ್ಗ್ ಜಿಲ್ಲಾ ಮಟ್ಟದ ದಿನಪತ್ರಿಕೆಯೊಂದರಲ್ಲಿ ಪಳಗಿ ನ್ಯಾಷನಲ್ ಜಿಯಾಗ್ರಫಿಕ್ ಸೇರಿದವರು. ಕೆನಡಾದ ಉತ್ತರ ಧ್ರುವ ಸೀಮೆಯ ಎಲ್ಸ್‌ಮಿಯರ್ ದ್ವೀಪದಲ್ಲಿ ತೋಳ ವಿಜ್ಞಾನಿ ಡೇವಿಡ್ ಮೆಕ್ ಜೊತೆಗಿದ್ದು ಬಿಳಿ ತೋಳಗಳ ಸಂಸಾರವನ್ನು ಹತ್ತಿರದಿಂದ ತೆಗೆದರು. ನೀರ್ಗಲ್ಲಿನಿಂದ ನೀರ್ಗಲ್ಲಿಗೆ ಜಿಗಿಯುವ ಬಿಳಿ ತೋಳದ ಚಿತ್ರ 1988ರಲ್ಲಿ ಅವರಿಗೆ ವರ್ಷದ ವನ್ಯಜೀವಿ ಛಾಯಾಗ್ರಾಹಕ ಎಂಬ ಬಿರುದು ತಂದಿತು. 'ಬ್ರದರ್ ವುಲ್ಫ್' ಪುಸ್ತಕದಲ್ಲಿರುವ, ಮರದ ಬೊಡ್ಡೆಯ ಹಿಂದಿನಿಂದ ಅರ್ಧ ಮುಖ ಹೊರಹಾಕಿ ಒಂದೇ ಕಣ್ಣಲ್ಲಿ ನಮ್ಮನ್ನು ದಿಟ್ಟಿಸುವ ತೋಳವನ್ನು ಪೋಸ್ಟರಿನಲ್ಲಾದರೂ ನೋಡದವರು ಕಡಿಮೆ. ಆ ಕಾಲದ ಪತ್ರಿಕೆಯ ಒಂದು ಅಸೈನ್‌ಮೆಂಟ್ ಎಂದರೆ ನೂರಾರು ರೋಲ್ ಫಿಲ್ಮ್ ಖರ್ಚಾಗುತ್ತಿತ್ತು. ಅಚ್ಚಾಗುತ್ತಿದ್ದುದು ಬೆರಳೆಣಿಕೆಯ ಚಿತ್ರ. ಉಳಿದದ್ದೆಲ್ಲ ಆಯ್ಕೆಯ ಮೇಜಿನ ಮೇಲೆ ಸಾಯುತ್ತಿತ್ತು. ಅಂಥ ಲೋಕದ ಉತ್ತುಂಗದಲ್ಲಿದ್ದು ದಣಿದವರೊಬ್ಬರು ಆಯ್ಕೆಯ ಕ್ಷಣವನ್ನು ಮೇಜಿನಿಂದ ಕಾಡಿಗೇ ವಾಪಸು ಒಯ್ದರು ಎಂಬುದು ಈ ಷರತ್ತಿನ ನಿಜವಾದ ಅರ್ಥ.

ಇದು ಎಷ್ಟು ಕಷ್ಟದ್ದು ಎಂದು ಮೊಬೈಲಿನಲ್ಲಿ ಫೋಟೊ ತೆಗೆಯುವ ನಮಗೆ ಈಗ ಥಟ್ಟನೆ ಹೊಳೆಯುವುದಿಲ್ಲ. ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದದ್ದು ಹೇಗೆ ಬಂದಿದೆ ಎಂದು ನೋಡಲು ಪರದೆ ಇಲ್ಲ. ಆಗ ಪತ್ರಿಕೆಗಳು ಬಯಸುತ್ತಿದ್ದ ಸ್ಲೈಡ್ ಫಿಲ್ಮಿಗೆ ಕ್ಷಮಾಗುಣ ಕಡಿಮೆ: ಬೆಳಕಿನ ಅಳತೆ ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವ ಇಲ್ಲವೇ ಅರ್ಧಕ್ಕಿಳಿಯುವ ಮೆಟ್ಟಿಲು) ತಪ್ಪಿದರೂ ಬಿಳುಪು ಸುಟ್ಟುಹೋಗುತ್ತದೆ, ಇಲ್ಲವೇ ನೆರಳು ಕಪ್ಪಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಹೆಚ್ಚುಕಡಿಮೆ ಎಕ್ಸ್‌ಪೋಷರಿನಲ್ಲಿ ಮೂರು ನಾಲ್ಕು ತೆಗೆದಿಡುವ ಬ್ರಾಕೆಟಿಂಗ್ ಎಲ್ಲರ ರೂಢಿಯಾಗಿತ್ತು. ಹಿಮದಲ್ಲಂತೂ ಬೆಳಕು ಅಳೆಯುವ ಮೀಟರನ್ನು ನಂಬಿದರೆ ಕೆಟ್ಟಿರಿ. ಅದು ಎಲ್ಲವನ್ನೂ ಮಧ್ಯಮ ಬೂದು ಎಂದೇ ಲೆಕ್ಕ ಹಾಕುವುದರಿಂದ ಬೆಳ್ಳನೆಯ ಹಿಮವೂ ಬೂದಿಯ ಬಣ್ಣಕ್ಕೆ ಇಳಿಯುತ್ತದೆ. ಒಂದೋ ಎರಡೋ ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು, ಎಷ್ಟು ಎಂಬುದು ಅನುಭವದ ಅಂದಾಜು. ಚಳಿ ಹೆಚ್ಚಿದಂತೆ ಬ್ಯಾಟರಿ ಸೋಲುತ್ತದೆ, ಫಿಲ್ಮ್ ಪೆಡಸಾಗುತ್ತದೆ, ಒಂದು ಉಸಿರು ತಗುಲಿದರೆ ವ್ಯೂಫೈಂಡರಿನ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಇಷ್ಟರ ನಡುವೆ ಒಂದೇ ಸಲ ಒತ್ತಿ ನಡೆದುಬಿಡುವುದಕ್ಕೆ ಕೈ ಪಳಗಿರಬೇಕು. ಹೊಸಬನೊಬ್ಬ ಇದೇ ಷರತ್ತು ಹಾಕಿಕೊಂಡರೆ ಸಿಗುವುದು ಹಾಳಾದ 90 ಸ್ಲೈಡ್. ಸಂಯಮವನ್ನು ಹೊಗಳುವವರು ಅದರ ಹಿಂದಿನ ಮೂರು ದಶಕಗಳ ಕಸುಬನ್ನು ಮರೆಯಬಾರದು.

ಆ ನಾಡೂ ಷರತ್ತಿಗೆ ಹೇಳಿ ಮಾಡಿಸಿದಂಥದ್ದು. ಈಲಿಯಿಂದ ಉತ್ತರಕ್ಕೆ ಕೆನಡಾ ಗಡಿಯವರೆಗೆ ಹಬ್ಬಿರುವುದು ಬೌಂಡರಿ ವಾಟರ್ಸ್ ಎಂಬ ರಕ್ಷಿತಾರಣ್ಯ: ಸುಮಾರು 11 ಲಕ್ಷ ಎಕರೆ, ಸಾವಿರಕ್ಕೂ ಹೆಚ್ಚು ಸರೋವರಗಳು. ಬಹುಭಾಗದಲ್ಲಿ ಮೋಟಾರು ದೋಣಿ ನಿಷಿದ್ಧ. ತೆಳು ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಒಂದು ಸರೋವರ ದಾಟಿ, ದೋಣಿಯನ್ನು ಹೆಗಲ ಮೇಲೆ ಹೊತ್ತು ಕಾಲುದಾರಿಯಲ್ಲಿ ನಡೆದು ಇನ್ನೊಂದಕ್ಕೆ ಇಳಿಯಬೇಕು. ಸೆಪ್ಟೆಂಬರಿನ ಕೊನೆಗೆ ಬರ್ಚ್, ಆಸ್ಪೆನ್ ಎಲೆಗಳು ಹಳದಿಯಾಗುತ್ತವೆ, ಮೇಪಲ್ ಕೆಂಪಾಗುತ್ತದೆ. ಅಕ್ಟೋಬರಿನಲ್ಲಿ ಟಮರಾಕ್ ಎಂಬ ಮರ, ಸೂಚಿಪರ್ಣಿಯಾಗಿದ್ದೂ, ಚಿನ್ನದ ಬಣ್ಣಕ್ಕೆ ತಿರುಗಿ ಎಲೆ ಉದುರಿಸುತ್ತದೆ. ಲೂನ್ ಹಕ್ಕಿಗಳು ದಕ್ಷಿಣಕ್ಕೆ ಹೊರಡುತ್ತವೆ, ನವೆಂಬರಿನಲ್ಲಿ ಸರೋವರಗಳು ಒಂದೊಂದಾಗಿ ಹೆಪ್ಪುಗಟ್ಟುತ್ತವೆ. ಇದೆಲ್ಲದರ ಮೇಲೆ ದಿನದಿನಕ್ಕೂ ಹಗಲು ಕುಗ್ಗುತ್ತದೆ. ಮೊದಲ ದಿನ ಹನ್ನೆರಡು ಗಂಟೆಯಷ್ಟಿದ್ದ ಹಗಲು ಕೊನೆಯ ದಿನಕ್ಕೆ ಸುಮಾರು ಎಂಟು ಗಂಟೆ ಇಪ್ಪತ್ತು ನಿಮಿಷ. ಡಿಸೆಂಬರ್ 21ರ ನಡುಹಗಲಿನಲ್ಲೂ ಅಲ್ಲಿ ಸೂರ್ಯ ದಿಗಂತದಿಂದ 19 ಡಿಗ್ರಿಗಿಂತ ಮೇಲೇರುವುದಿಲ್ಲ. ಅದೇ ದಿನ ಬೆಂಗಳೂರಿನಲ್ಲಿ 53 ಡಿಗ್ರಿ ಏರಿರುತ್ತಾನೆ. ಅಂದರೆ ಓರೆ ಬೆಳಕು, ಉದ್ದ ನೆರಳು, ಬೇಗ ಕವಿಯುವ ಸಂಜೆ. ಇಂದು ಇನ್ನೂ ತೆಗೆದಿಲ್ಲ ಎಂಬ ಅವಸರವೂ ಓಡಿಹೋಗುತ್ತಿರುವ ಬೆಳಕೂ ಪುಟದಿಂದ ಪುಟಕ್ಕೆ ಒಟ್ಟಿಗೇ ಹೆಚ್ಚುತ್ತ ಹೋಗುತ್ತವೆ.

ಇದರ ಫಲ ಏನೆಂದು ತಿಳಿಯಲು ಪುಸ್ತಕದ ಒಂದು ಚಿತ್ರವನ್ನು ಹತ್ತಿರದಿಂದ ನೋಡಬೇಕು. ಮೋಡ ಕವಿದು ಮಂಕಾಗಿದ್ದ ಒಂದು ದಿನ. ತೊಟ್ಟಿಕ್ಕುವ ಕಾಡಿನಲ್ಲಿ ಅಲೆದೂ ಅಲೆದೂ ಏನೂ ಸಿಕ್ಕಿಲ್ಲ. ದಿನ ಮುಗಿಯುತ್ತಾ ಬಂದಾಗ ಕಪ್ಪು ನೀರಿನ ಹೊಂಡದಲ್ಲಿ ತೇಲುತ್ತಿದ್ದ ಒಂದು ಕೆಂಪು ಮೇಪಲ್ ಎಲೆ ಕಣ್ಣಿಗೆ ಬಿತ್ತು. ಹತ್ತು ಕಡೆಯಿಂದ ನೋಡಿದರು, ಕಡೆಗೂ ಖಾತ್ರಿಯಾಗದೆ ಒತ್ತಿದರು. ಚಿತ್ರದಲ್ಲಿರುವುದು ಇಷ್ಟೇ: ಕಪ್ಪು ನೀರು, ನೀರಿನಿಂದ ಎದ್ದ ಬಡಕಲು ಹುಲ್ಲಿನ ಗೀರುಗಳು, ನಡುವೆ ಎಲೆ. ಆಕಾಶವಿಲ್ಲ, ದಿಗಂತವಿಲ್ಲ, ಇದು ಎಷ್ಟು ದೊಡ್ಡ ಕಾಡು ಎಂಬ ಸೂಚನೆಯೂ ಇಲ್ಲ. ಹುಲ್ಲಿನ ಗೀರುಗಳು ಕಣ್ಣನ್ನು ಅತ್ತಿತ್ತ ಎಳೆಯುತ್ತವೆ, ಎಲೆ ಅದನ್ನು ಮತ್ತೆ ಹಿಡಿದು ನಿಲ್ಲಿಸುತ್ತದೆ. ಬಿಸಿಲಿದ್ದಿದ್ದರೆ ನೀರು ಇಷ್ಟು ಕಪ್ಪಾಗಿರುತ್ತಿರಲಿಲ್ಲ, ಕೆಂಪು ಇಷ್ಟು ತುಂಬಿ ಕಾಣುತ್ತಿರಲಿಲ್ಲ. ಮಾಮೂಲಿ ಛಾಯಾಗ್ರಾಹಕ ಕೆಟ್ಟ ದಿನ ಎಂದು ಮನೆಗೆ ಹೋಗುವ ಹೊತ್ತಿನಿಂದಲೇ ಈ ಚಿತ್ರ ಹುಟ್ಟಿದೆ.

ನನ್ನ ಮಟ್ಟಿಗೆ ಇಡೀ ಯೋಜನೆಯ ಸಾರ್ಥಕ್ಯ ಇಲ್ಲಿದೆ. ಮರದ ಹಿಂದಿನ ತೋಳ ಒಂದು ಬೇಟೆಯ ಫಲ. ಅದನ್ನು ನೋಡಿದವರಿಗೆ ಮೊದಲು ಅನಿಸುವುದು ತೆಗೆದವನ ಅದೃಷ್ಟ, ತಾಳ್ಮೆ. ಎಲೆಯನ್ನು ನೋಡಿದವರಿಗೆ ಕಾಣುವುದು ಕಾರ್ತಿಕದ ಹೊತ್ತಿಗೆ ಕತ್ತಲಾಗುವ ಆ ನಾಡಿನ ಒಂದು ಸಂಜೆ. ದಿನವೂ ತೆಗೆಯಲೇಬೇಕು ಎಂಬ ಕಟ್ಟಳೆಯಿಂದಾಗಿ ಮಂಕು ದಿನಗಳು, ಸೋತ ದಿನಗಳು, ಏನೂ ನಡೆಯದ ದಿನಗಳು ಪುಸ್ತಕದೊಳಗೆ ಬಂದವು. ಹಾಗೆ ಬಂದದ್ದರಿಂದಲೇ ಋತು ಎಂಬುದು ಹಿನ್ನೆಲೆಯಾಗಿ ಉಳಿಯದೆ ವಸ್ತುವೇ ಆಯಿತು. ಸಾಮಾನ್ಯವಾಗಿ 'ನಾಲ್ಕು ಋತುಗಳ' ಚಿತ್ರಸಂಪುಟಗಳು ಒಂದೊಂದು ಋತುವಿನ ಶಿಖರವನ್ನಷ್ಟೇ ಆರಿಸಿ ಕೊಡುತ್ತವೆ: ಉಜ್ವಲ ಎಲೆ, ಹೊಸ ಹಿಮ, ಮೊದಲ ಹೂ. ನಡುವಿನ ಬೇಸರದ ವಾರಗಳು ಅಲ್ಲಿ ಇರುವುದೇ ಇಲ್ಲ. ಆದರೆ ಋತು ಬದಲಾಗುವುದು ಆ ವಾರಗಳಲ್ಲೇ.

ಹಾಗೆಂದು 90ಕ್ಕೆ 90 ಗೆದ್ದಿವೆ ಎನ್ನಲಾಗದು. ಆಕಾಶದ ಬಣ್ಣಕ್ಕೆ ಒಲಿದ ಕೆಲವು ನೋಟಗಳು ಕ್ಯಾಲೆಂಡರಿನ ಪುಟವನ್ನು ದಾಟುವುದಿಲ್ಲ. ಬಿಡಿಯಾಗಿ ಕೈಗೆತ್ತಿಕೊಂಡರೆ ಸಪ್ಪೆ ಎನಿಸುವ ಇನ್ನು ಕೆಲವು, ಹಿಂದುಮುಂದಿನ ದಿನಗಳ ಆಸರೆಯಿಂದ ನಿಂತಿವೆ. ಅದರಲ್ಲಿ ತಪ್ಪೇನಿಲ್ಲ, ದಿನಚರಿಯನ್ನು ಬಿಡಿ ವಾಕ್ಯಗಳಿಗಾಗಿ ಯಾರೂ ಓದುವುದಿಲ್ಲ. ಆದ್ದರಿಂದ ಇವನ್ನು ಗ್ಯಾಲರಿಯ ಗೋಡೆಯಲ್ಲಿ ಒಂಟಿಯಾಗಿ ತೂಗುಹಾಕಿ ಮಾರುವುದಕ್ಕಿಂತ, ತಾರೀಖಿನ ಕ್ರಮದಲ್ಲಿ ಪುಸ್ತಕವಾಗಿ ನೋಡುವುದೇ ನ್ಯಾಯ.

ನನ್ನ ದೊಡ್ಡ ತಕರಾರು ಬೇರೆ. ಈ ಕಾಡಿನಲ್ಲಿ ಮನುಷ್ಯರು ಇಲ್ಲವೆನ್ನುವಷ್ಟು ಕಡಿಮೆ. ಇದು ಮೂಲನಿವಾಸಿಗಳಾದ ಒಜಿಬ್ವೆ ಜನರ ನೆಲ. 1854ರ ಒಪ್ಪಂದದಲ್ಲಿ ಅವರು ಈ ಸೀಮೆಯನ್ನು ಅಮೆರಿಕ ಸರಕಾರಕ್ಕೆ ಬಿಟ್ಟುಕೊಟ್ಟರೂ ಬೇಟೆಯ, ಮೀನುಗಾರಿಕೆಯ ಹಕ್ಕನ್ನು ಉಳಿಸಿಕೊಂಡರು. ಈಲಿಗೆ ಸಮೀಪದ ಹೆಗ್‌ಮನ್ ಸರೋವರದ ಬಂಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಮನುಷ್ಯ, ಮೂಸ್ ಎಂಬ ದೊಡ್ಡ ಜಿಂಕೆ, ದೋಣಿಗಳ ಚಿತ್ರ ಈಗಲೂ ಇದೆ. ಬೇಸಿಗೆಯ ಕೊನೆಯಲ್ಲಿ ಒಜಿಬ್ವೆ ಜನ ದೋಣಿಯಲ್ಲಿ ಕೂತು, ಆಳವಿಲ್ಲದ ನೀರಿನಲ್ಲಿ ತಾನಾಗಿ ಬೆಳೆದ ಕಾಡುಭತ್ತದ ತೆನೆ ಬಾಗಿಸಿ ಕೋಲಿನಿಂದ ಬಡಿದು ಕಾಳು ಉದುರಿಸಿಕೊಳ್ಳುತ್ತಾರೆ. ಆ ಸುಗ್ಗಿ ಮುಗಿಯುವ ಹೊತ್ತಿಗೆ ಬ್ರಾಂಡೆನ್‌ಬರ್ಗರ 90 ದಿನಗಳು ಶುರುವಾಗುತ್ತವೆ. ನವೆಂಬರಿನಲ್ಲಿ ಜಿಂಕೆ ಬೇಟೆಯ ಕಾಲ ಬಂತೆಂದರೆ ಇಡೀ ಮಿನೆಸೋಟದ ಕಾಡುಗಳಲ್ಲಿ ಕಡು ಕಿತ್ತಳೆ ಬಣ್ಣದ ಅಂಗಿ ತೊಟ್ಟವರು ತುಂಬಿರುತ್ತಾರೆ. ಜನ ಗುಂಪುಗುಂಪಾಗಿ ಕಾಡಿಗೆ ಹೊಗುವ ದಿನಗಳು ಅವು. ಆ ಗದ್ದಲ ಈ ಪುಸ್ತಕದಲ್ಲಿ ಬಹುಮಟ್ಟಿಗೆ ಕೇಳಿಸುವುದಿಲ್ಲ. ಮೂಲನಿವಾಸಿಗಳ ಚಿತ್ರ ತೆಗೆದ ಎಡ್‌ವರ್ಡ್ ಕರ್ಟಿಸ್, ಕಾಡು ಬೆಟ್ಟಗಳ ಚಿತ್ರ ತೆಗೆದ ಆನ್ಸೆಲ್ ಆಡಮ್ಸ್ ಕಾಲದಿಂದ ಅಮೆರಿಕದ ಛಾಯಾಗ್ರಹಣಕ್ಕೆ ಒಂದು ಹಳೆಯ ಚಾಳಿಯಿದೆ: ಮೂಲನಿವಾಸಿಗಳನ್ನು ತೋರಿಸಿದರೆ ಕಳೆದುಹೋಗುತ್ತಿರುವವರೆಂದು ತೋರಿಸುವುದು, ಕಾಡನ್ನು ತೋರಿಸಿದರೆ ಖಾಲಿಯೆಂದು ತೋರಿಸುವುದು. ದಿನವೂ ಹೊರಗೆ ಹೋಗಲೇಬೇಕೆಂಬ ಷರತ್ತು ಆ ಚಾಳಿಯನ್ನು ಮುರಿಯಬಹುದಿತ್ತು, ಮುರಿಯಲಿಲ್ಲ.

ಕಾಲ ಸರಿದಂತೆ ಪುಸ್ತಕಕ್ಕೆ ಇನ್ನೊಂದು ಬೆಲೆ ಬಂದಿದೆ. 1999ರ ಜುಲೈ 4ರ ಬಿರುಗಾಳಿ ಈ ಕಾಡಿನ ಲಕ್ಷಾಂತರ ಎಕರೆಯಲ್ಲಿ ಮರಗಳನ್ನು ನೆಲಕ್ಕೊರಗಿಸಿತು. 2011ರಲ್ಲಿ ದೊಡ್ಡ ಕಾಡ್ಗಿಚ್ಚು ಬಂತು. ಈಲಿ ಸುತ್ತ ತಾಮ್ರ, ನಿಕ್ಕಲ್ ಗಣಿ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ವರ್ಷಾನುಗಟ್ಟಲೆ ಜಗಳ. 2023ರಲ್ಲಿ ಅಮೆರಿಕ ಸರಕಾರ ಅಲ್ಲಿನ ಸುಮಾರು 2.25 ಲಕ್ಷ ಎಕರೆಯನ್ನು 20 ವರ್ಷಗಳ ಮಟ್ಟಿಗೆ ಹೊಸ ಗಣಿ ಗುತ್ತಿಗೆಗಳಿಂದ ಹೊರಗಿಟ್ಟಿತು. ಜಗಳ ಆಮೇಲೂ ನಿಲ್ಲಲಿಲ್ಲ. ಹೀಗಾಗಿ 1994ರ ಆ ದಿನಗಳು, ತಾರೀಖು ಸಮೇತ, ಒಂದು ದಾಖಲೆಯೂ ಆಗಿವೆ. ತಾರೀಖಿಲ್ಲದ ಸುಂದರ ಚಿತ್ರಕ್ಕೆ ಈ ಬಲ ಇರುವುದಿಲ್ಲ.

ಬ್ರಾಂಡೆನ್‌ಬರ್ಗ್ ಆಮೇಲೆ ಬೇಸಿಗೆಗೂ ಒಂದು ಸಂಪುಟ ಮಾಡಿದರು, 2003ರ 'ಲುಕಿಂಗ್ ಫಾರ್ ದಿ ಸಮ್ಮರ್'. 2016ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ವಸಂತದ 93 ದಿನಗಳು ಬಂದವು. ಎರಡೂ ಕಣ್ಣಿಗೆ ಹಬ್ಬ, ಆದರೆ ಮೊದಲನೆಯದರ ಬಿಗಿ ಅವಕ್ಕಿಲ್ಲ. ಆ ನಾಡಿನ ಬೇಸಿಗೆಯ ಹಗಲು ಹದಿನಾರು ಗಂಟೆಯಷ್ಟು ಉದ್ದ. ಬಾಗಿಲು ಮುಚ್ಚಿಕೊಳ್ಳುತ್ತಿದೆ ಎಂಬ ಒತ್ತಡ ಅಲ್ಲಿಲ್ಲ. ಷರತ್ತು ತಾನಾಗಿ ಕಲೆಯನ್ನು ಹುಟ್ಟಿಸುವುದಿಲ್ಲ, ವಸ್ತುವಿನ ಸ್ವಭಾವದೊಂದಿಗೆ ಅದು ಹೊಂದಬೇಕು ಎಂಬುದಕ್ಕೆ ಇವೇ ಸಾಕ್ಷಿ.

ಕಬಿನಿ, ನಾಗರಹೊಳೆಗಳ ಸಫಾರಿ ಜೀಪಿನಲ್ಲಿ ಒಂದು ಹುಲಿಗೆ ಸಾವಿರ ಫ್ರೇಮ್ ತೆಗೆದು, ಹುಲಿ ಕಾಣದ ದಿನ ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯದೆ ಮರಳುವ ನಮ್ಮ ಹವ್ಯಾಸಿಗಳಿಗೆ ಈ ಪುಸ್ತಕದಿಂದ ಕಲಿಯುವುದು ಇದೆ. ಆದರೆ ಕಲಿಯಬೇಕಾದ್ದು ಒಂದೇ ಕ್ಲಿಕ್ಕಿನ ವೀರವ್ರತವಲ್ಲ. ಮನೆಗೆ ಹತ್ತಿರದ ಒಂದು ಕೆರೆ, ಒಂದು ಕುರುಚಲು ಗುಡ್ಡ, ಒಂದು ತೋಪನ್ನು ಆರಿಸಿಕೊಂಡು ಮಳೆ ಹಿಡಿದಾಗಿನಿಂದ ಬಿಡುವವರೆಗೆ ದಿನವೂ ಹೋಗಿ. ಏನೂ ಸಿಗದ ದಿನವೂ ಒಂದು ಚಿತ್ರ ತೆಗೆಯಿರಿ, ತಾರೀಖು ಬರೆದಿಡಿ. ಅಲ್ಲಿ ಸೌದೆ ಆಯುವವರು, ದನ ಮೇಯಿಸುವವರು ಸಿಕ್ಕಿದರೆ ಫ್ರೇಮಿನಿಂದ ಅವರನ್ನು ಹೊರಗಿಡಬೇಡಿ. ಬ್ರಾಂಡೆನ್‌ಬರ್ಗ್ ಬಿಟ್ಟುಹೋದ ಕೆಲಸ ಅದು.