ನಾಟ್ಯದಲ್ಲಿ ಪ್ರಕೃತಿವಿಚಾರವು: ಸ್ತ್ರೀವೇಷ, ಸಿದ್ದಿ ನಟರು, ರಂಗಸ್ಥಳ

ಭರತಮುನಿಯ ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ನಾಟ್ಯಗೃಹದ ಉತ್ಪತ್ತಿಯನ್ನು ತಿಳಿಸುವ ಕಥೆಯೊಂದಿದೆ. ಇಂದ್ರಧ್ವಜೋತ್ಸವದಲ್ಲಿ ನಡೆದ ಮೊದಲ ಪ್ರಯೋಗದ ವಸ್ತುವು ದೇವತೆಗಳು ದೈತ್ಯರನ್ನು ಗೆದ್ದ ವೃತ್ತಾಂತ. ಸೋತ ದೈತ್ಯರೂ ಆ ಸಭೆಯಲ್ಲಿದ್ದರು. ತಮ್ಮ ಪರಾಭವವನ್ನು ತಮ್ಮೆದುರಿಗೇ ಆಡಿತೋರಿಸಿದುದನ್ನು ಸಹಿಸಲಾರದೆ ಅವರು ವಿಘ್ನಗಳೊಡಗೂಡಿ ನಟರ ಮಾತು, ಚೇಷ್ಟೆ, ಸ್ಮೃತಿಗಳನ್ನು ಸ್ತಂಭನಗೊಳಿಸಿದರು. ಬಳಿಕ ಪಿತಾಮಹನು ವಿಶ್ವಕರ್ಮನಿಂದ ನಾಟ್ಯಗೃಹವನ್ನು ಕಟ್ಟಿಸಿದನು; ಅಷ್ಟಕ್ಕೇ ನಿಲ್ಲದೆ ದೈತ್ಯರನ್ನು ಕರೆದು, ಈ ನಾಟ್ಯವು ನಿಮ್ಮವರದು ಮಾತ್ರವಾಗಲಿ ದೇವತೆಗಳದು ಮಾತ್ರವಾಗಲಿ ಅಲ್ಲ, ಮೂರು ಲೋಕಗಳ ಭಾವಗಳ ಅನುಕೀರ್ತನವಿದು ಎಂದು ಸಮಾಧಾನ ಹೇಳಿದನು.

ಈ ಕಥೆಯನ್ನು ಪುರಾಣಮಾತ್ರವೆಂದು ಬಿಟ್ಟು ಮುಂದೆ ಹೋಗುವುದು ವಾಡಿಕೆ. ಆದರೆ ಯಾರ ಕಥೆಯನ್ನು ಯಾರು ಆಡಬೇಕು, ಯಾರ ಮುಂದೆ ಆಡಬೇಕು, ಎಲ್ಲಿ ಆಡಬೇಕು ಎಂಬ ಮೂರು ಪ್ರಶ್ನೆಗಳೂ ಇದರಲ್ಲಿ ಅಡಗಿವೆ. ಪರರಾಜ್ಯದ ಆಳಿಕೆಯನ್ನು ಕಳೆದುಕೊಂಡ ದೇಶಗಳ ರಂಗಭೂಮಿಯನ್ನು ಕುರಿತು ಇಂದಿನ ವಿಮರ್ಶಕರು ಎತ್ತುವ ಪ್ರಶ್ನೆಗಳೂ ಇವೇ. ಉತ್ತರಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಇವು ಮೂರೂ ಒಂದೇ ಕಡೆ ಕೂಡಿ ಬಂದಿರುವುದರಿಂದ, ಆ ಪ್ರದೇಶವನ್ನು ದೃಷ್ಟಾಂತವಾಗಿಟ್ಟುಕೊಂಡು ಈ ವಿಷಯವನ್ನು ಪರೀಕ್ಷಿಸುವುದು ಯುಕ್ತವಾಗಿದೆ.

೧. ಸ್ತ್ರೀವೇಷ

ನಾಟ್ಯಶಾಸ್ತ್ರವು ಪಾತ್ರಧಾರಣೆಯ ಪ್ರಕೃತಿಯನ್ನು ಮೂರಾಗಿ ವಿಭಾಗಿಸಿದೆ. ವಯಸ್ಸು, ಲಿಂಗಗಳಿಗೆ ತಕ್ಕಂತೆ ಸ್ತ್ರೀಯು ಸ್ತ್ರೀಪಾತ್ರವನ್ನೂ ಪುರುಷನು ಪುರುಷಪಾತ್ರವನ್ನೂ ಧರಿಸಿದರೆ ಅದು ಅನುರೂಪಾ. ಬಾಲನು ವೃದ್ಧನಾಗಿ, ವೃದ್ಧನು ಬಾಲನಾಗಿ ಬಂದರೆ ವಿರೂಪಾ. ಪುರುಷನು ಸ್ತ್ರೀಯ ಭಾವವನ್ನು ತಳೆದು ಆಡಿದರೆ ರೂಪಾನುಸಾರಿಣೀ. ಸ್ತ್ರೀಯು ಪುರುಷಪಾತ್ರವನ್ನು ಆಡುವುದಕ್ಕೂ ಶಾಸ್ತ್ರದಲ್ಲಿ ಅವಕಾಶವುಂಟು. ಶ್ರೀಹರ್ಷನ ಪ್ರಿಯದರ್ಶಿಕೆಯ ಮೂರನೆಯ ಅಂಕದ ಗರ್ಭನಾಟಕದಲ್ಲಿ ವತ್ಸರಾಜನ ವೇಷವು ಮನೋರಮೆಗೆ ನಿಯತವಾಗಿತ್ತೆಂಬುದನ್ನು ಬಲ್ಲವರು ಇದನ್ನು ಹೊಸ ಮಾತೆಂದು ಹೇಳಲಾರರು.

ಯಕ್ಷಗಾನವು ರೂಪಾನುಸಾರಿಣಿಯನ್ನು ಪರಾಕಾಷ್ಠೆಗೆ ಮುಟ್ಟಿಸಿದೆ. ಬಡಗುತಿಟ್ಟಿನಲ್ಲಿ ಕೆರೆಮನೆ ಗಜಾನನ ಹೆಗಡೆಯವರ ಸ್ತ್ರೀವೇಷವು ಪ್ರಸಿದ್ಧವಾದುದು. ಮಂಟಪ ಪ್ರಭಾಕರ ಉಪಾಧ್ಯಾಯರು ಶತಾವಧಾನಿ ಗಣೇಶರ ಪರಿಕಲ್ಪನೆಯ ‘ಭಾಮಿನಿ’ಯಲ್ಲಿ ಒಬ್ಬರೇ ನಿಂತು ಅಷ್ಟನಾಯಿಕೆಯರ ಅವಸ್ಥೆಗಳನ್ನು ಅಭಿನಯಿಸಿ ತೋರಿಸಿದರು. ಇವರ ಸಾಧನೆಯಲ್ಲಿ ದೋಷವನ್ನೆಣಿಸುವುದು ಸಹೃದಯರ ಲಕ್ಷಣವಲ್ಲ.

ದೋಷವಿರುವುದು ಬೇರೆ ಕಡೆ. ಪುರುಷನಿಗೆ ಹೆಣ್ಣಾಗುವ ಅಧಿಕಾರವನ್ನು ಕೊಟ್ಟ ಪರಂಪರೆಯು ಹೆಣ್ಣಿಗೆ ಗಂಡಾಗುವ ಅಧಿಕಾರವನ್ನು ಬಹುಕಾಲ ಕೊಡಲಿಲ್ಲ; ಹೆಣ್ಣಿಗೆ ಹೆಣ್ಣಾಗುವ ಅಧಿಕಾರವನ್ನೂ ಕೊಡಲಿಲ್ಲ. ಪ್ರಥಮಾಧ್ಯಾಯದಲ್ಲಿಯೇ ಭರತನು, ಕೈಶಿಕೀವೃತ್ತಿಯನ್ನು ಸ್ತ್ರೀಯರಿಲ್ಲದೆ ಪುರುಷರು ಸಾಧಿಸಲಾರರೆಂದು ಪಿತಾಮಹನಲ್ಲಿ ವಿಜ್ಞಾಪಿಸಿಕೊಂಡು ಅಪ್ಸರೆಯರನ್ನು ಪಡೆದನು. ಶಾಸ್ತ್ರವನ್ನು ಮುಂದಿಟ್ಟುಕೊಂಡು ಸ್ತ್ರೀಯರನ್ನು ರಂಗದಿಂದ ದೂರವಿಡುವವರು ಆ ಭಾಗವನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ. ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ಭಾಗವತಿಕೆಯ ಆಸನದಲ್ಲಿ ಕುಳಿತು ಮೇಳವನ್ನು ನಡೆಸಿ ೨೦೨೪ರಲ್ಲಿ ದಿವಂಗತರಾದರು. ಆಟವನ್ನು ಆಳುವ ಸ್ಥಾನವೇ ಭಾಗವತರದು. ಅಲ್ಲಿ ಸ್ತ್ರೀಯು ಕುಳಿತ ಮೇಲೆ ಉಳಿದ ವೇಷಗಳ ವಿಷಯದಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲ.

೨. ವರ್ಣ

ಆಹಾರ್ಯಾಭಿನಯದ ಪ್ರಕರಣದಲ್ಲಿ ಯಾವ ದೇಶದವರಿಗೆ ಯಾವ ಬಣ್ಣ ಬಳಿಯಬೇಕೆಂಬ ವಿಧಿಯುಂಟು. ಕಿರಾತ, ಬರ್ಬರ, ಆಂಧ್ರ, ದ್ರವಿಡ, ಪುಳಿಂದ, ದಾಕ್ಷಿಣಾತ್ಯರಿಗೆ ಪ್ರಾಯಃ ಕಪ್ಪು. ಶಕ, ಯವನ, ಪಹ್ಲವರಿಗೆ ಪ್ರಾಯಃ ಗೌರವರ್ಣ. ಇಲ್ಲಿ ಗಮನಿಸತಕ್ಕ ಅಂಶವು ಎರಡು. ಮೊದಲನೆಯದಾಗಿ, ಕನ್ನಡಿಗರೂ ಸೇರುವ ದಾಕ್ಷಿಣಾತ್ಯರು ಕಿರಾತರೊಡನೆ ಒಂದೇ ಪಂಕ್ತಿಯಲ್ಲಿ ಇದ್ದಾರೆ. ಎರಡನೆಯದಾಗಿ, ಬಣ್ಣವು ಬಳಿಯತಕ್ಕ ವಸ್ತು. ನಟನ ಹುಟ್ಟು ಮೈಬಣ್ಣವನ್ನು ಶಾಸ್ತ್ರವು ಕೇಳುವುದಿಲ್ಲ. ಇದುವೇ ನಾಟ್ಯಧರ್ಮಿಯ ತಿರುಳು.

೩. ಮಂಚಿಕೇರಿಯ ಪ್ರಯೋಗ

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಿನ ಅಂಚಿನಲ್ಲಿ ವಾಸವಾಗಿರುವ ಸಿದ್ದಿಗಳ ಪೂರ್ವಿಕರಲ್ಲಿ ಬಹುಮಂದಿ ಪೋರ್ಚುಗೀಸರ ದಾಸವ್ಯಾಪಾರದಲ್ಲಿ ಆಫ್ರಿಕಾಖಂಡದಿಂದ ಗೋವೆಗೆ ತರಲ್ಪಟ್ಟವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದವರು. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಉತ್ತರಕನ್ನಡದ ಸಿದ್ದಿಗಳು ೨೦೦೩ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು.

೧೯೪೯ರಲ್ಲಿ ಹೆಗ್ಗೋಡಿನಲ್ಲಿ ಸ್ಥಾಪಿತವಾದ ನೀನಾಸಂ ಸಂಸ್ಥೆಯು ೧೯೮೦ರ ದಶಕದಲ್ಲಿ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿ ನಟರಿಂದ ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವನ್ನು ಆಡಿಸಿತು. ನಿರ್ದೇಶಕರು ಚಿದಂಬರರಾವ್ ಜಂಬೆ. ಅದರ ಮೂಲವು ನೈಜೀರಿಯದ ಚಿನುವ ಅಚಿಬೆಯವರು ೧೯೫೮ರಲ್ಲಿ ಪ್ರಕಟಿಸಿದ ಕಾದಂಬರಿ. ಬಿಳಿಯರ ಮತಪ್ರಚಾರವೂ ಆಳಿಕೆಯೂ ಬಂದು ಒಂದು ಇಬೊ ಗ್ರಾಮದ ಬಾಳು ಒಡೆದುಹೋದ ಕಥೆ.

ಈ ಪ್ರಯೋಗವನ್ನು ಹೊಗಳುವವರು ಸಾಮಾನ್ಯವಾಗಿ, ಆಫ್ರಿಕದವರ ಕಥೆಯನ್ನು ಆಫ್ರಿಕಮೂಲದವರೇ ಆಡಿದುದರಿಂದ ಅದು ಸಹಜವಾಯಿತೆಂದು ಹೇಳುವುದುಂಟು. ಅಂದರೆ ಅದನ್ನು ಅನುರೂಪಾ ಪ್ರಕೃತಿಯೆಂದು ಭಾವಿಸುತ್ತಾರೆ. ಈ ಪ್ರಶಂಸೆಯು ವಿಚಾರಸಹವಲ್ಲ. ಇಬೊ ಜನರು ಪಶ್ಚಿಮ ಆಫ್ರಿಕದವರು. ಪೋರ್ಚುಗೀಸರು ಗೋವೆಗೆ ದಾಸರನ್ನು ತಂದುದು ಬಹುಮಟ್ಟಿಗೆ ಆ ಖಂಡದ ಪೂರ್ವತೀರದಿಂದ. ಸಿದ್ದಿಗಳು ಮನೆಯಲ್ಲಿ ಆಡುವುದು ಬಹುತೇಕ ಕೊಂಕಣಿಯ ಒಂದು ಪ್ರಭೇದವನ್ನು; ರಂಗದ ಮೇಲೆ ಆಡಿದುದು ಕನ್ನಡವನ್ನು. ದೇಶ, ಭಾಷೆ, ಆಚಾರ ಯಾವುದರಲ್ಲಿಯೂ ಪಾತ್ರಕ್ಕೂ ನಟನಿಗೂ ಸಾಮ್ಯವಿಲ್ಲ. ಉಳಿದುದು ಚರ್ಮದ ಬಣ್ಣವೊಂದೇ. ಅಷ್ಟರಿಂದಲೇ ಸಹಜವೆನ್ನುವುದಾದರೆ ನಟನ ಶಿಕ್ಷೆ, ಶ್ರಮ, ಪ್ರತಿಭೆಗಳನ್ನು ಹುಟ್ಟಿನ ಲೆಕ್ಕಕ್ಕೆ ಬರೆದಂತಾಗುವುದು. ಮಂಚಿಕೇರಿಯ ನಟರು ದೂರದ ಜನರ ದುಃಖವನ್ನು ತಮ್ಮದಲ್ಲದ ಮಾತಿನಲ್ಲಿ ತಂದು ನಿಲ್ಲಿಸಿದರು; ಆದುದರಿಂದ ಅವರದು ರೂಪಾನುಸಾರಿಣಿಯೇ ಸರಿ, ಮಾನ್ಯತೆಯೂ ಅದಕ್ಕೇ ಸಲ್ಲತಕ್ಕದ್ದು.

ಈ ಭೇದವು ಪಂಡಿತರ ವಾಗ್ವಿಲಾಸವೆಂದು ಯಾರೂ ಎಣಿಸಬಾರದು. ಆಫ್ರಿಕದವನ ಪಾತ್ರಕ್ಕೆ ಸಿದ್ದಿಯೇ ಅನುರೂಪನೆಂದು ಒಪ್ಪಿದವರು ಮರುದಿನ ರಾಮನ ಪಾತ್ರಕ್ಕೆ ಸಿದ್ದಿಯು ಅನುರೂಪನಲ್ಲವೆಂದು ಹೇಳಬಲ್ಲರು. ಗೌರವಿಸಲೆಂದು ಕೊಟ್ಟ ಪಾತ್ರವೇ ಬೇಲಿಯಾಗುವುದು. ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿ ಮೊದಲಾದವರು ನೀನಾಸಂನಲ್ಲಿ ರಂಗಶಿಕ್ಷಣ ಪಡೆದು ಕನ್ನಡದ ರಂಗಭೂಮಿ, ಚಲಚ್ಚಿತ್ರಗಳಲ್ಲಿ ಪರಿಚಿತರಾಗಿದ್ದಾರೆ. ಅವರ ಮುಂದೆ ಎಷ್ಟು ಬಗೆಯ ಪಾತ್ರಗಳನ್ನು ಇಡಲಾಗುತ್ತದೆಯೆಂಬುದೇ ಕನ್ನಡ ರಂಗಭೂಮಿಯ ಪರೀಕ್ಷೆ.

೪. ಪೂರ್ವಪಕ್ಷ

ಇಲ್ಲಿ ಒಂದು ಆಕ್ಷೇಪವು ಬರಬಹುದು: ರಸಾನುಭವವು ಸಾಧಾರಣೀಕರಣದಿಂದ ಉಂಟಾಗುವುದಷ್ಟೆ, ಅಲ್ಲಿ ನಟನು ಯಾರೆಂಬುದು ಮರೆತೇಹೋಗುವುದರಿಂದ ಸ್ತ್ರೀ, ಪುರುಷ, ಕರಿಯ, ಬಿಳಿಯ ಎಂಬ ಚರ್ಚೆಯೇ ವ್ಯರ್ಥ, ಎಂದು. ಇದಕ್ಕೆ ಅಭಿನವಗುಪ್ತಪಾದರ ಗ್ರಂಥದಲ್ಲಿಯೇ ಉತ್ತರವಿದೆ. ಅವರು ಎಣಿಸಿದ ಏಳು ರಸವಿಘ್ನಗಳಲ್ಲಿ, ತನ್ನ ಅಥವಾ ಪರರ ದೇಶಕಾಲವಿಶೇಷದಲ್ಲಿ ಪ್ರೇಕ್ಷಕನು ಸಿಕ್ಕಿಕೊಳ್ಳುವುದೂ ಒಂದು. ರಂಗಕ್ಕೆ ಬಂದ ನಟಿಯನ್ನು ನೋಡಿ ‘ಇವಳು ಇಂಥವರ ಮನೆಯವಳು’ ಎಂದೋ, ನಟನನ್ನು ನೋಡಿ ‘ಇವನು ಸಿದ್ದಿ’ ಎಂದೋ ಮನಸ್ಸು ಅಲ್ಲಿಯೇ ನಿಂತರೆ ವಿಘ್ನವಿರುವುದು ಸಾಮಾಜಿಕನಲ್ಲಿ. ನಟನನ್ನು ಹೊರಗೆ ಕಳುಹಿಸಿ ಅದನ್ನು ಪರಿಹರಿಸಲಾಗದು. ಪೂರ್ವರಂಗ, ವೇಷ, ಗೀತ, ನಾಟ್ಯಧರ್ಮಿಗಳು ಆ ವಿಘ್ನವನ್ನು ಕಳೆಯುವ ಉಪಾಯಗಳು. ಹೀಗಿರಲು, ಬಣ್ಣ, ಕಿರೀಟ, ಚಂಡೆಗಳನ್ನುಳ್ಳ ಯಕ್ಷಗಾನವೇ ಎಲ್ಲರಿಗೂ ಎಲ್ಲ ಪಾತ್ರಗಳನ್ನೂ ತೆರೆಯಲು ಹೆಚ್ಚು ಸಮರ್ಥವಾದುದು.

೫. ರಂಗಸ್ಥಳ

ಭರತನು ಮರ್ತ್ಯರಿಗೆ ಅರುವತ್ತನಾಲ್ಕು ಹಸ್ತ ಉದ್ದ, ಮೂವತ್ತೆರಡು ಹಸ್ತ ಅಗಲದ ನಾಟ್ಯಗೃಹವನ್ನು ವಿಧಿಸಿ, ಅದಕ್ಕಿಂತ ದೊಡ್ಡದಾದರೆ ಮಾತು ಕೆಡುವುದು, ಮುಖರಾಗವು ಕಾಣದೆ ಹೋಗುವುದು ಎಂದು ಎಚ್ಚರಿಸಿದನು. ಸ್ಥಳವು ರಸವನ್ನು ಹೆಚ್ಚಿಸಲೂ ಕುಗ್ಗಿಸಲೂ ಬಲ್ಲುದು. ಚಿತ್ರದ ಚೌಕಟ್ಟಿನಂಥ ರಂಗವು ಆಂಗ್ಲರ ಕಾಲದಲ್ಲಿ ಮುಂಬಯಿಯ ಪಾರ್ಸಿ ಕಂಪನಿಗಳ ಮೂಲಕ ಕನ್ನಡ ನಾಟಕ ಕಂಪನಿಗಳಿಗೆ ಬಂದಿತು. ನೋಡುವವರನ್ನು ಒಂದೇ ದಿಕ್ಕಿಗೆ ಕುಳ್ಳಿರಿಸಿತು. ಬಯಲಾಟದ ಪ್ರೇಕ್ಷಕರಾದರೋ ರಂಗಸ್ಥಳವನ್ನು ಮೂರು ಕಡೆಯಿಂದ ಸುತ್ತುವರಿದು ಕೂರುತ್ತಿದ್ದರು. ಸಿದ್ದಿಗಳ ಡಮಾಮಿ ಕುಣಿತವು ತಮ್ಮವರ ಅಂಗಳದಲ್ಲಿ ತಮ್ಮವರ ನಲಿವು. ಅದನ್ನೇ ಉತ್ಸವದ ವೇದಿಕೆಯ ಮೇಲೆ ಹತ್ತು ನಿಮಿಷ ಕುಣಿಸಿದಾಗ ಪರರ ಕುತೂಹಲದ ವಸ್ತುವಾಗಿ ಉಳಿಯುವುದು.

ಕೊನೆಗೆ ತಾಳಮದ್ದಳೆಯನ್ನು ನೋಡೋಣ. ತ್ಯಾಗಲಿಯಂಥ ಸಿದ್ದಾಪುರ ಸೀಮೆಯ ಗ್ರಾಮಗಳಿಗೆ ಇದು ಹೊಸದಲ್ಲ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಜಗುಲಿಯ ಮೇಲೆ ಪಂಚೆಯುಟ್ಟು ಕುಳಿತ ಗೃಹಸ್ಥನು ದ್ರೌಪದಿಯಾಗಿ ಮಾತನಾಡುತ್ತಾನೆ, ಕೇಳುವವರು ಕಣ್ಣೀರು ಹಾಕುತ್ತಾರೆ. ದೇಹಸಾಮ್ಯವು ನಾಟ್ಯಕ್ಕೆ ಬೇಕೇಬೇಕೆಂಬ ವಾದವು ಆ ಜಗುಲಿಯಲ್ಲಿಯೇ ನೂರಾರು ಇರುಳು ಖಂಡಿತವಾಗಿದೆ. ಹಾಗಿದ್ದೂ ಆ ಮಾತಿನ ಪಂಕ್ತಿಯಲ್ಲಿ ಸ್ತ್ರೀಯರು ಬಹುಕಾಲ ಕುಳಿತಿರಲಿಲ್ಲವೇಕೆ? ಜಗುಲಿಯು ರಂಗವಾಗುವುದಕ್ಕೆ ಮೊದಲು ಒಬ್ಬರ ಮನೆಯದು. ಯಾರು ಮೇಲೆ ಬರಬೇಕು, ಯಾರು ಅಂಗಳದಲ್ಲಿ ನಿಲ್ಲಬೇಕೆಂಬ ಕಟ್ಟಳೆಯು ಮನೆಯದೇ ಹೊರತು ನಾಟ್ಯದ್ದಲ್ಲ. ಮನೆಯ ಕಟ್ಟಳೆಯನ್ನು ಶಾಸ್ತ್ರದ ಕಟ್ಟಳೆಯೆಂದು ಭ್ರಮಿಸಿದುದೇ ಈ ಎಲ್ಲ ಅನರ್ಥಕ್ಕೂ ಮೂಲ.

ಪಿತಾಮಹನು ದೈತ್ಯರಿಗೆ ಕೊಟ್ಟ ಮಾತು ಇನ್ನೂ ಪೂರ್ತಿ ನೆರವೇರಿಲ್ಲ. ನಾಟ್ಯವು ಮೂರು ಲೋಕದ್ದೆಂಬುದು ನಿಜವಾದರೆ, ಗೆದ್ದವರ ಸಭೆಯಲ್ಲಿ ಮೌನವಾಗಿ ಕುಳಿತು ನೋಡಿದವರಿಗೆ ಆಡುವ ಅಧಿಕಾರವೂ ಸಲ್ಲಬೇಕು. ಅದೂ ತಮ್ಮ ಕಥೆಯನ್ನು ಮಾತ್ರವಲ್ಲದೆ ಎಲ್ಲರ ಕಥೆಯನ್ನೂ.