ಸ್ಕ್ರೂ ಇಲ್ಲದ ಮುಚ್ಚಳ

1977ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ 2 ಕಂಪ್ಯೂಟರನ್ನು ಹೊಗಳುವವರು ಸ್ಟೀವ್ ಜಾಬ್ಸ್ ಹೆಸರನ್ನೋ ಅದರ ಅಚ್ಚುಕಟ್ಟಾದ ಪ್ಲಾಸ್ಟಿಕ್ ಹೊದಿಕೆಯನ್ನೋ ಮೊದಲು ಎತ್ತಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದರ ಸತ್ವವೆಲ್ಲ ಹೊದಿಕೆಯ ಒಳಗಿದೆ, ಸ್ಟೀವ್ ವೋಜ್ನಿಯಾಕ್ ಹಾಕಿದ ಸರ್ಕ್ಯೂಟಿನಲ್ಲಿ.

ಆ ಕಾಲದ ಅಗ್ಗದ ಮೆಮೊರಿ ಚಿಪ್‌ಗಳನ್ನು ಆಗಾಗ ಓದುತ್ತಲೇ ಇರಬೇಕು, ಇಲ್ಲದಿದ್ದರೆ ಇಟ್ಟ ಮಾಹಿತಿ ಅಳಿಸಿಹೋಗುತ್ತದೆ. ಇದಕ್ಕೆಂದೇ ಬೇರೆ ಚಿಪ್‌ಗಳನ್ನು ಹಾಕುವುದು ರೂಢಿ. ವೋಜ್ನಿಯಾಕ್ ಆ ಕೆಲಸವನ್ನು ಪರದೆಯ ಮೇಲೆ ಚಿತ್ರ ಮೂಡಿಸುವ ಸರ್ಕ್ಯೂಟಿಗೇ ಒಪ್ಪಿಸಿಬಿಟ್ಟರು. ಚಿತ್ರಕ್ಕಾಗಿ ಮೆಮೊರಿಯನ್ನು ಹೇಗೂ ಓದುತ್ತಲೇ ಇರುತ್ತದಲ್ಲ! 6502 ಪ್ರೊಸೆಸರ್ ತನ್ನ ಪ್ರತಿ ಆವರ್ತದ ಅರ್ಧದಲ್ಲಿ ಮಾತ್ರ ಮೆಮೊರಿಯನ್ನು ಮುಟ್ಟುತ್ತದೆ. ಉಳಿದರ್ಧದಲ್ಲಿ ಚಿತ್ರದ ಸರ್ಕ್ಯೂಟ್ ಬಂದು ಓದಿಕೊಂಡು ಹೋಗುತ್ತದೆ. ಹಾಗಾಗಿ ಒಂದು ಇನ್ನೊಂದಕ್ಕೆ ಕಾಯುವ ಪ್ರಮೇಯವೇ ಇಲ್ಲ. ಬಣ್ಣ ಬಂದದ್ದೂ ಇಂಥದೇ ಜಾಣ್ಮೆಯಿಂದ. ಅಮೆರಿಕದ ಟಿವಿಯ ಬಣ್ಣದ ಸಂಕೇತದ ಲಯಕ್ಕೆ ಹೊಂದಿಸಿ ಚುಕ್ಕೆಗಳನ್ನು ಕಳಿಸಿದರೆ, ಒಂದು ಬಿಟ್ಟು ಒಂದು ಬೆಳಗುವ ಚುಕ್ಕೆಗಳು ಟಿವಿಯಲ್ಲಿ ನೇರಳೆಯಾಗಿಯೋ ಹಸಿರಾಗಿಯೋ ಕಾಣುತ್ತವೆ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಕೆಲಸ ತೆಗೆದ ವಿನ್ಯಾಸ ಆ ವರ್ಷದ ಬೇರಾವ ಯಂತ್ರದಲ್ಲೂ ನನಗೆ ಕಾಣುವುದಿಲ್ಲ.

ಆದರೆ ಈ ಮಿತವ್ಯಯದ ಹೊರೆಯನ್ನು ಹೊತ್ತವರು ಪ್ರೋಗ್ರಾಂ ಬರೆಯುವವರು. ಚಿಪ್ ಉಳಿಸುವ ಹಟದಲ್ಲಿ ಪರದೆಯ ಸಾಲುಗಳು ಮೆಮೊರಿಯಲ್ಲಿ ಕ್ರಮವಾಗಿ ಕೂರಲಿಲ್ಲ. ಒಂದು ಗೆರೆಯ ಕೆಳಗಿನ ಗೆರೆ ಇನ್ನೆಲ್ಲೋ ಇರುತ್ತಿತ್ತು. ಆಟ ಬರೆಯುವವರು ಪ್ರತಿ ಗೆರೆಯ ವಿಳಾಸದ ಪಟ್ಟಿಯನ್ನೇ ಪ್ರೋಗ್ರಾಮಿನೊಳಗೆ ತುಂಬಿಕೊಳ್ಳಬೇಕಾಯಿತು. ಒಂದು ಸಾಲಿಗೆ ನಲವತ್ತೇ ಅಕ್ಷರ, ಅದೂ ಇಂಗ್ಲಿಷಿನ ದೊಡ್ಡಕ್ಷರ ಮಾತ್ರ. ಬರವಣಿಗೆಗೆ ಇದು ದೊಡ್ಡ ಕೊರತೆ. ಬೆಲೆಯೂ ಕಡಿಮೆಯಿರಲಿಲ್ಲ: 4 ಕಿಲೋಬೈಟ್ ಮೆಮೊರಿಯ ಯಂತ್ರಕ್ಕೆ 1298 ಡಾಲರ್. ಅದೇ ವರ್ಷ ಬಂದ ಟಿಆರ್‌ಎಸ್-80 ಪರದೆಸಮೇತ 600 ಡಾಲರಿಗೆ ಸಿಗುತ್ತಿತ್ತು.

ಇಷ್ಟಾದರೂ ಆಪಲ್ 2 ದೊಡ್ಡದೆನ್ನಲು ಕಾರಣ ಅದರ ಮುಚ್ಚಳ. ಸ್ಕ್ರೂಡ್ರೈವರ್ ಬೇಡ, ಕೈಯಿಂದ ಎತ್ತಿದರೆ ಬರುತ್ತದೆ. ಒಳಗೆ ಬೇರೆ ಕಾರ್ಡ್ ಕೂರಿಸಲು ಎಂಟು ಸ್ಲಾಟ್. ಜಾಬ್ಸ್‌ಗೆ ಎರಡೇ ಸಾಕೆನಿಸಿತ್ತು, ಒಂದು ಪ್ರಿಂಟರಿಗೆ, ಇನ್ನೊಂದು ಮೋಡೆಮಿಗೆ. ವೋಜ್ನಿಯಾಕ್ ಎಂಟಕ್ಕೇ ಪಟ್ಟು ಹಿಡಿದರು. ಮೇಲೆ ಹೇಳಿದ ಕೊರತೆಗಳನ್ನು ತುಂಬಿಕೊಟ್ಟದ್ದು ಆ ಸ್ಲಾಟ್‌ಗಳೇ. ಎಂಬತ್ತು ಅಕ್ಷರದ ಕಾರ್ಡ್ ಬಂತು, ಬೇರೊಂದು ಪ್ರೊಸೆಸರನ್ನೇ ಕೂರಿಸುವ ಕಾರ್ಡ್ ಬಂತು. 1978ರಲ್ಲಿ ವೋಜ್ನಿಯಾಕರದೇ ಫ್ಲಾಪಿ ಡ್ರೈವ್ ಬಂತು. ಅದು ಬಂದಿದ್ದರಿಂದಲೇ ಮರುವರ್ಷ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್‌ರ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಪ್ರೋಗ್ರಾಂ ಕಚೇರಿಗಳಲ್ಲಿ ನೆಲೆಯೂರಿತು. ಆ ಲೆಕ್ಕದ ಹಾಳೆಗಾಗಿಯೇ ಯಂತ್ರ ಕೊಂಡವರಿದ್ದಾರೆ. ಶಿಫ್ಟ್ ಕೀಲಿಯಿಂದ ಆಟದ ಕನೆಕ್ಟರಿಗೆ ಒಂದು ತಂತಿ ಎಳೆದು, ಸಣ್ಣಕ್ಷರ ಟೈಪ್ ಮಾಡುವ ದಾರಿ ಕಂಡುಕೊಂಡವರು ಬಳಕೆದಾರರೇ. ಕಂಪನಿ ಕೊಟ್ಟ ಕೈಪಿಡಿಯಲ್ಲಿ ಸರ್ಕ್ಯೂಟಿನ ನಕ್ಷೆಯೂ ಯಂತ್ರದ ಶಾಶ್ವತ ಮೆಮೊರಿಯಾದ ರೋಮ್‌ನ ಪ್ರೋಗ್ರಾಮೂ ಅಚ್ಚಾಗಿದ್ದವು. ಕೊಂಡವನನ್ನು ಬರೀ ಗಿರಾಕಿ ಎಂದು ಕಾಣದ ಈ ಗೌರವ ನನಗೆ ಸರ್ಕ್ಯೂಟಿಗಿಂತ ಹೆಚ್ಚಿನದಾಗಿ ಕಾಣುತ್ತದೆ.

ಆಪಲ್‌ನದೇ 1984ರ ಮ್ಯಾಕಿಂಟೋಷ್‌ನಲ್ಲಿ ಸ್ಲಾಟ್ ಒಂದೂ ಇರಲಿಲ್ಲ. ಪೆಟ್ಟಿಗೆ ಬಿಚ್ಚಲು ಉದ್ದನೆಯ ವಿಶೇಷ ಸ್ಕ್ರೂಡ್ರೈವರ್ ಬೇಕಿತ್ತು. ಪರದೆಯ ಸೊಗಸಿನಲ್ಲಿ ಅದು ಎಷ್ಟೋ ಮುಂದಿತ್ತು, ಒಪ್ಪುತ್ತೇನೆ. ಆದರೂ ಅದು ಬಂದ ಒಂಬತ್ತು ವರ್ಷದ ಮೇಲೂ, 1993ರವರೆಗೆ, ಆಪಲ್ 2ರ ನಂತರದ ರೂಪವಾದ ಆಪಲ್ 2ಇ ಮಾರಾಟವಾಗುತ್ತಲೇ ಇತ್ತು, ಸ್ಲಾಟ್‌ಗಳೊಂದಿಗೇ.